ದನದ ಕೊಟ್ಟಿಗೆ ಕುದುರೆ ಲಾಯ ಆದ ಕಥೆ: ಎಂತ ಉಳೀತು, ಎಂತ ಕಿತ್ತು ಎಸೆದ್ವಿ

ಮೊದಲೇ ಹೇಳಿಬಿಡ್ತೀನಿ, ನಮ್ಮದೇನೂ ಕುದುರೆ ಸಾಕೋ ಮನೆತನ ಅಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ರೋಡಲ್ಲಿ ಸ್ವಲ್ಪ ಒಳಗೆ ನಮ್ಮನೆ, ಅಡಿಕೆ ತೋಟ, ಚೂರು ಗದ್ದೆ, ಒಂದು ಕಾಲದಲ್ಲಿ ಹದಿನಾಲ್ಕು ದನ ಇದ್ದ ಕೊಟ್ಟಿಗೇಲಿ ಈಗ ಮೂರೇ ಮೂರು. ಬಾವ ಒಂದಿನ ಫೋನ್ ಮಾಡಿ ಚಿತ್ರದುರ್ಗದ ಕಡೆ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡ್ತಿದ್ದವರು ಒಬ್ರು ಆ ಕೆಲಸ ಬಿಡ್ತಿದಾರೆ, ಹೆಣ್ಣು ಕುದುರೆ, ಸಾಧು, ಮಕ್ಕಳಿಗೂ ಆಗುತ್ತೆ, ನಿಮ್ಮ ಕೊಟ್ಟಿಗೆ ಹೆಂಗೂ ಖಾಲಿ ಇದೆಯಲ್ಲ ಅಂದ್ರು. ಅಪ್ಪಯ್ಯ ಪಕ್ಕದಲ್ಲೇ ಕೂತು ಎಲೆ ಹಾಕ್ತಿದ್ರು. "ತರ್ಲಿ ಬಿಡು, ದನ ಕಟ್ಟೋ ಜಾಗದಲ್ಲಿ ಕುದುರೆ ಕಟ್ಟೋಕೆ ಎಂತ ಕಷ್ಟ, ಅದಕ್ಕೂ ನಾಲ್ಕೇ ಕಾಲು" ಅಂದ್ರು.

ಆ ಮಾತು ಎಷ್ಟು ಕಡೆ ತಪ್ಪು ಅಂತ ಮುಂದಿನ ನಾಲ್ಕು ತಿಂಗಳು ಒಂದೊಂದಾಗಿ ಗೊತ್ತಾಯ್ತು. ಮಲೆನಾಡಲ್ಲಿ ಯಾರಾದ್ರೂ ಕುದುರೆ ತರೋ ಯೋಚನೇಲಿ ಇದ್ರೆ ಉಪಯೋಗ ಆಗ್ಲಿ ಅಂತ ಏನೇನು ಮಾಡಿದ್ವಿ ಬರೀತಿದೀನಿ.

ಮಾರ್ಚ್ ಕೊನೆ ವಾರ, ಕುದುರೆ ಬರೋಕೆ ಮುಂಚೆ

ಹೆಸರು ರಾಣಿ, 13 ಹ್ಯಾಂಡ್ ಎತ್ತರ. ಒಂದು ಹ್ಯಾಂಡ್ ಅಂದ್ರೆ 4 ಇಂಚು, ಅಂದ್ರೆ ಹೆಗಲ ಹತ್ರ 4 ಅಡಿ 4 ಇಂಚು, ಕುದುರೆ ಲೆಕ್ಕದಲ್ಲಿ ಇದು ತಟ್ಟು, ಅಂದ್ರೆ ಕುಳ್ಳ ಕುದುರೆ. ಆದ್ರೂ ತಲೆ ಎತ್ತಿದ್ರೆ ನನಗಿಂತ ಎತ್ತರ. ನಮ್ಮ ಕೊಟ್ಟಿಗೇಲಿ ದನದ ತಲೆ ಮೇಲೆ ಒಂದು ಅಟ್ಟ ಇತ್ತು, ಹುಲ್ಲು ಒಟ್ಟೋಕೆ, ಆರೂವರೆ ಅಡಿಗೆ. ದನ ತಲೆ ತಗ್ಗಿಸ್ಕೊಂಡು ಇರೋ ಪ್ರಾಣಿ, ಅದಕ್ಕೆ ಸಾಕು. ಕುದುರೆ ಗಾಬರಿ ಆದ್ರೆ ಮೊದಲು ತಲೆನೇ ಮೇಲಕ್ಕೆತ್ತೋದು. ಅಟ್ಟ ಪೂರ್ತಿ ಬಿಚ್ಚಿದ್ವಿ. ಬಿಚ್ಚಿದ ದಿನ ಬಿದ್ದ ಧೂಳು, ಇಲಿ ಗೂಡು, ಯಾವುದೋ ಕಾಲದ ಬೂಷ್ಟು ಹಿಡಿದ ಹುಲ್ಲು ನೋಡಿದ ಮೇಲೆ ಇದು ತೆಗೆದದ್ದೇ ಒಳ್ಳೇದಾಯ್ತು ಅನ್ನಿಸ್ತು, ಕುದುರೆ ಶ್ವಾಸಕೋಶಕ್ಕೆ ಬೂಷ್ಟಿನ ಧೂಳು ಆಗೋದೇ ಇಲ್ಲ, ಮೇಲಿಂದ ದಿನಾ ಉದುರ್ತಾ ಇದ್ರೆ ಕೆಮ್ಮು ಶುರು. ಈಗ ನೆತ್ತಿ ಮೇಲೆ ನೇರ ಹೆಂಚೇ.

ಜಾಗ ದೊಡ್ಡ ಕುದುರೆಗೆ 12 ಅಡಿ ಬೈ 12 ಅಡಿ ಅಂತಾರೆ, ತಟ್ಟಿಗೆ 10 ಬೈ 10 ಸಾಕು. ಮೂರು ದನದ ಜಾಗದ ಮಧ್ಯೆ ಇದ್ದ ಅಡ್ಡಗೋಡೆ ಒಡೆದು 12 ಬೈ 11 ಬಂತು. ಗೋಡೆ ತುಂಬ ಮೊಳೆ ಇತ್ತು ನೋಡಿ, ತಲೆತಲಾಂತರದಿಂದ ಹಗ್ಗ, ಕತ್ತಿ, ಬುಟ್ಟಿ ನೇತು ಹಾಕೋಕೆ ಹೊಡೆದದ್ದು, ಎಣಿಸಿ ಕಿತ್ತೆ, ಮೂವತ್ತೇಳು. ಕುದುರೆ ಚರ್ಮ ದನದ ಚರ್ಮದ ಹಂಗಲ್ಲ, ತೆಳ್ಳಗೆ, ಸವರಿದ್ರೂ ಹರಿಯುತ್ತೆ, ಅದೂ ಅಲ್ದೆ ಧನುರ್ವಾಯು ಅತಿ ಬೇಗ ತಗಲೋ ಪ್ರಾಣಿಗಳಲ್ಲಿ ಕುದುರೆ ಒಂದು. ಅದರ ಲಸಿಕೆ ಹಾಕ್ಸಿ ಆಮೇಲೇ ಕರ್ಕೊಂಡು ಬನ್ನಿ ಅಂತ ಬಾವಂಗೆ ಹೇಳಿದ್ದು ನಾನು ಮಾಡಿದ ಕೆಲವೇ ಬುದ್ಧಿವಂತಿಕೆ ಕೆಲಸಗಳಲ್ಲಿ ಒಂದು.

ಕೊಟ್ಟಿಗೆ ಹಿಂದೆ ಅಮ್ಮ ಪೂಜೆಗೆ ಅಂತ ಹಾಕಿದ್ದ ಕಣಗಿಲೆ ಗಿಡ ಎರಡು ಇದ್ವು. ಅದರ ಎಲೆ ಸ್ವಲ್ಪ ತಿಂದ್ರೂ ಕುದುರೆ ಹೃದಯ ನಿಲ್ಲುತ್ತೆ. ದನಕ್ಕೂ ವಿಷನೇ, ಆದ್ರೆ ನಮ್ಮ ದನಗಳು ಹುಟ್ಟಿದಾಗಿಂದ ನೋಡಿ ಅದರ ಹತ್ರ ಹೋಗ್ತಿರ್ಲಿಲ್ಲ, ಹೊಸದಾಗಿ ಬಯಲುಸೀಮೆಯಿಂದ ಬರೋದಕ್ಕೆ ಏನು ಗೊತ್ತು. ಅಮ್ಮ ಎರಡು ದಿನ ಮಾತು ಬಿಟ್ರು, ಆಮೇಲೆ ಅಂಗಳದ ಆ ಕಡೆ ದಾಸವಾಳ ನೆಟ್ಟು ಸಮಾಧಾನ ಮಾಡಿದ್ದಾಯ್ತು.

ಏಪ್ರಿಲ್, ನೆಲ

ಹಳೇ ನೆಲ ಹಾಸುಗಲ್ಲು. ಸಗಣಿ, ಗಂಜಲ ಬಿದ್ದು ಬಿದ್ದು ಕನ್ನಡಿ ಹಂಗೆ ನುಣುಪಾಗಿತ್ತು. ಕಬ್ಬಿಣದ ಲಾಳ ಹೊಡೆದ ಕುದುರೆ ಅದರ ಮೇಲೆ ನಿಂತ್ರೆ ಜಾರೋದು ಗ್ಯಾರಂಟಿ. ಕಲ್ಲು ಎಬ್ಬಿಸಿ, ಅರ್ಧ ಅಡಿ ಮಣ್ಣು ತೆಗೆದು, 4 ಇಂಚು ಜಲ್ಲಿ, ಅದರ ಮೇಲೆ 2 ಇಂಚು ಕ್ರಷರ್ ಪುಡಿ ಹಾಕಿ ನೀರು ಚಿಮುಕಿಸಿ ದಮ್ಮಸ್ ಹೊಡೆದ್ವಿ, ಚರಂಡಿ ಕಡೆಗೆ 5 ಅಡಿಗೆ 1 ಇಂಚಿನಷ್ಟು ಇಳಿಜಾರು. ಮೇಲೆ ಹಸು ಮಲಗೋಕೆ ಅಂತ ಮಾರೋ ರಬ್ಬರ್ ಮ್ಯಾಟು. ಕೊಟ್ಟಿಗೆ ಸಾಮಾನಲ್ಲಿ ಕುದುರೆಗೂ ಸರಿಯಾಗಿ ಒದಗಿದ್ದು ಅಂದ್ರೆ ಇದೇ. ಮೂಲೆಗೆ ಕತ್ತರಿಸುವಾಗ ಒಂದು ವಿಷಯ ತಿಳ್ಕೊಳ್ಳಿ, ಒಣ ರಬ್ಬರ್ ಮೇಲೆ ಬ್ಲೇಡ್ ಎಳೆದ್ರೆ ಎರಡು ಇಂಚಿಗೆ ಸಿಕ್ಕಾಕೊಳ್ಳುತ್ತೆ, ಸೋಪು ನೀರು ಹಾಕ್ತಾ, ಅಡಿಗೆ ಒಂದು ದಬ್ಬೆ (ಅಡಿಕೆ ಮರದ ಸೀಳು) ಕೊಟ್ಟು ಸೀಳನ್ನ ಬಾಯಿ ಬಿಡಿಸ್ಕೊಂಡು ಕುಯ್ದ್ರೆ ಬೆಣ್ಣೆ ಕುಯ್ದಂಗೆ ಹೋಗುತ್ತೆ. ಇದು ನನಗೆ ಮೂರನೇ ಮ್ಯಾಟಿಗೆ ತಿಳೀತು, ಮೊದಲೆರಡರ ಅಂಚು ನೋಡಿದ್ರೆ ಇಲಿ ಕಡಿದಂಗಿದೆ.

ಹಾಸೋಕೆ ಎಂತ ಹಾಕೋದು ಅನ್ನೋದು ದೊಡ್ಡ ಚರ್ಚೆ. ನಮ್ಮಲ್ಲಿ ಕೊಟ್ಟಿಗೆಗೆ ಬೇಸಿಗೇಲಿ ದರಗು, ಮಳೆಗಾಲದಲ್ಲಿ ಸೊಪ್ಪು. ದರಗು ಅಂದ್ರೆ ಕಾಡಿಂದ ಗುಡಿಸಿ ತರೋ ಒಣ ಎಲೆ, ಅದರ ಜೊತೆ ಉಣುಗು (ರಕ್ತ ಹೀರೋ ಉಣ್ಣೆ) ಬರುತ್ತೆ, ಉಣುಗಿನ ಜೊತೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ಜ್ವರ ಅದು, ಈಗ್ಲೂ ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ಎದೆ ಡವಡವ. ದರಗು ಕೊಟ್ಟಿಗೆಗೆ ತರಬೇಡಿ ಅಂತ ಆರೋಗ್ಯ ಇಲಾಖೆಯವರು ಹೇಳಿ ಹೇಳಿ ಸುಸ್ತಾಗಿದಾರೆ. ಸೊಪ್ಪು ಹಾಸಿದ್ರೆ ಕುದುರೆ ಅದರಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತೆ, ಯಾವ ಸೊಪ್ಪು ಆಗುತ್ತೆ ಯಾವುದು ಆಗಲ್ಲ ಅಂತ ಕೂತು ಆರಿಸ್ತಾ ಇರೋಕೆ ಆಗಲ್ಲ. ಕೊನೆಗೆ ಮಿಲ್ಲಿಂದ ಭತ್ತದ ಉಮಿ, ಮೇಲೆ ಬಡಗಿ ಹತ್ರ ಮರ ಕೀಸಿದ ಸಿಪ್ಪೆ. ತೀರಾ ಸಣ್ಣ ಪುಡಿ ಬೇಡ, ಮೂಗಿಗೆ ಹೋಗುತ್ತೆ.

ಇದನ್ನ ಕ್ಲೀನ್ ಮಾಡೋಕೆ ಸಗಣಿ ಬಾಚೋ ಸಲಿಕೆ ಆಗಲ್ಲ. ಕುದುರೆದು ಸಗಣಿ ಅಲ್ಲ, ಲದ್ದಿ, ಉಂಡೆ ಉಂಡೆ. ಸಲಿಕೇಲಿ ಎತ್ತಿದ್ರೆ ಅರ್ಧ ಬುಟ್ಟಿ ಉಮಿನೂ ಬರುತ್ತೆ. ಕಮ್ಮಾರರ ಹತ್ರ 6 ಎಂಎಂ ರಾಡಿಂದ ಹದಿನಾಲ್ಕು ಹಲ್ಲಿನ ಒಂದು ಕವಲು ಮಾಡಿಸಿದೆ, ಹಲ್ಲಿನ ಮಧ್ಯೆ ಸುಮಾರು ಅರ್ಧ ಇಂಚು. ಎತ್ತಿ ಅಲ್ಲಾಡಿಸಿದ್ರೆ ಉಮಿ ಕೆಳಗೆ, ಲದ್ದಿ ಮೇಲೆ. ಎತ್ತುವಾಗ ಎಷ್ಟು ಸಲ ಹಾಕಿದೆ ಅಂತ ಲೆಕ್ಕ ಇಡಿ, ಲದ್ದಿ ನಿಂತ್ರೆ ಹೊಟ್ಟೆನೋವಿನ ಮೊದಲ ಸೂಚನೆ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಹೊಟ್ಟೆ ಕೆಟ್ರೆ ಮೇಲಿಂದ ಹೊರಗೆ ಹಾಕೋ ದಾರಿನೇ ಇಲ್ಲ.

ಏಪ್ರಿಲ್ ಮೂರನೇ ವಾರ, ರಾಣಿ ಬಂತು, ಎರಡನೇ ದಿನವೇ ಎಡವಟ್ಟು

ದನಕ್ಕೆ ಕುತ್ತಿಗೆ ಹಗ್ಗ, ನೆಲದ ಹತ್ರ ಗೂಟ. ಕುದುರೆಗೂ ಮುಖಕ್ಕೆ ಹಾಲ್ಟರ್ ಹಾಕಿ ಹಗ್ಗ ಮಾತ್ರ ಅದೇ ಗೂಟಕ್ಕೆ ಕಟ್ಟಿದೆ. ಬೆಳಿಗ್ಗೆ ಐದು ಗಂಟೆಗೆ ದಡದಡ ಸದ್ದು. ಹೋಗಿ ನೋಡಿದ್ರೆ ಮುಂಗಾಲು ಹಗ್ಗದ ಮೇಲೆ ದಾಟಿ ಸಿಕ್ಕಾಕೊಂಡಿದೆ, ಎಳೆದಷ್ಟೂ ತಲೆ ಕೆಳಗೆ, ಕಣ್ಣಿನ ಬಿಳಿ ಕಾಣ್ತಿದೆ. ದನ ಆದ್ರೆ ಸಿಕ್ಕಾಕೊಂಡ್ರೆ ನಿಂತು ಅಂಬಾ ಅನ್ನುತ್ತೆ. ಕುದುರೆ ಮೂಳೆ ಮುರಿಯೋವರೆಗೂ ಎಳೆಯುತ್ತೆ ಮಾರಾಯ್ರೆ. ಹಗ್ಗ ಕತ್ತಿಯಿಂದ ಕಡಿದೆ, ಕೈಗೂ ಒಂದು ಗೀರು ಬಿತ್ತು.

ಅವತ್ತೇ ಗೋಡೆಗೆ ನಾಲ್ಕೂವರೆ ಅಡಿ ಎತ್ತರದಲ್ಲಿ ಕೊಂಡಿ ಹೊಡೆದೆ. ಕೊಂಡಿಗೆ ನೇರ ಹಗ್ಗ ಕಟ್ಟಲ್ಲ, ಮಧ್ಯೆ ಒಂದು ಸುತಳಿ ಕುಣಿಕೆ, ಜೋರಾಗಿ ಎಳೆದ್ರೆ ಸುತಳಿ ಹರಿಯುತ್ತೆ, ಕುದುರೆ ಕುತ್ತಿಗೆ ಉಳಿಯುತ್ತೆ. ಗಂಟೂ ಒಂದು ತುದಿ ಜಗ್ಗಿದ್ರೆ ಬಿಚ್ಚೋ ಜಾರುಗಂಟು. ಲಾಯದ ಒಳಗೆ ಬಿಟ್ಟಾಗ ಕಟ್ಟೋದೇ ಇಲ್ಲ ಈಗ, ಬಾಗಿಲಿಗೆ ಎರಡು ಅಗುಳಿ, ಮೇಲೊಂದು ಕೆಳಗೊಂದು, ಮೇಲಿಂದು ತುಟಿಯಲ್ಲೇ ತೆಗೆಯೋಕೆ ಒಂದು ವಾರದಲ್ಲಿ ಕಲ್ತುಬಿಡ್ತು ಪುಣ್ಯಾತ್ಗಿತ್ತಿ.

ತಿನ್ನೋದು

ಇದರಲ್ಲಿ ಅಪ್ಪಯ್ಯಂಗೂ ನನಗೂ ಜಾಸ್ತಿ ಜಟಾಪಟಿ. ಹಸುಗಳಿಗೆ ತರೋ ಪಶು ಆಹಾರದ ಚೀಲ ಅಲ್ಲೇ ಇತ್ತಲ್ಲ, ಒಂದು ಸೇರು ಹಾಕು ಅಂದ್ರು. ಅದೃಷ್ಟಕ್ಕೆ ಅವತ್ತು ಲಸಿಕೆ ಕಾರ್ಡ್ ನೋಡೋಕೆ ಡಾಕ್ಟ್ರು ಬಂದಿದ್ರು, ಕೈ ಅಡ್ಡ ಹಿಡಿದ್ರು. ಕೆಲವು ದನದ ಮತ್ತೆ ಕೋಳಿ ಆಹಾರದಲ್ಲಿ ಮೊನೆನ್ಸಿನ್ ಅಂತ ಒಂದು ಸೇರಿಸಿರ್ತಾರೆ, ದನಕ್ಕೆ ಒಳ್ಳೇದೇ, ಕೋಳಿಗೂ ಒಳ್ಳೇದೇ, ಕುದುರೆಗೆ ಅದರ ತುಂಬಾ ಕಡಿಮೆ ಪ್ರಮಾಣ ಸಾಕು ಹೃದಯದ ಸ್ನಾಯು ಹಾಳಾಗೋಕೆ, ಅದಕ್ಕೆ ಪ್ರತ್ಯೌಷಧ ಇಲ್ಲ. ಚೀಲದ ಮೇಲೆ ಬರೆದಿದ್ದು ಓದಿ ಗ್ಯಾರಂಟಿ ಆಗದ ಹೊರತು ಮುಟ್ಟಿಸಬೇಡಿ ಅಂದ್ರು. ಅಪ್ಪಯ್ಯ ಮಾತಾಡದೆ ಚೀಲ ತಗೊಂಡು ಹೋಗಿ ಹಸು ಇರೋ ಕಡೆ ಬಾಗಿಲ ಒಳಗೆ ಇಟ್ಟು ಚಿಲಕ ಹಾಕಿದ್ರು, ಆ ಚಿಲಕ ಈಗ್ಲೂ ಅವರೇ ದಿನಾ ಚೆಕ್ ಮಾಡ್ತಾರೆ.

ಉಣುಗಿಗೂ ಇದೇ ಕಥೆ. ದನದ ಮೈಗೆ ಹೊಡೆಯೋ ಅಮಿಟ್ರಾಜ್ ಬಾಟಲಿ ಎಲ್ಲರ ಮನೆ ಕೊಟ್ಟಿಗೇಲೂ ಇರುತ್ತೆ, ಕುದುರೆಗೆ ಅದು ಹೊಡೆದ್ರೆ ಕರುಳಿನ ಚಲನೆ ನಿಂತು ಹೊಟ್ಟೆ ಕಟ್ಟುತ್ತೆ. ಬಾಟಲಿ ಮೇಲೆ ಕೆಂಪು ಪೇಂಟಲ್ಲಿ "ಕುದುರೆಗೆ ಅಲ್ಲ" ಅಂತ ಬರೆದಿದೀನಿ. ಉಣುಗು ನಾವು ದಿನಾ ಕೈಯಲ್ಲೇ ಹುಡುಕಿ ಚಿಮಟದಲ್ಲಿ ತೆಗೀತೀವಿ, ಕಿವಿ ಒಳಗೆ, ಬಾಲದ ಬುಡ, ಕೇಸರದ ಕೆಳಗೆ, ತೆಗೆದದ್ದು ಸೀಮೆಎಣ್ಣೆ ಡಬ್ಬಿಗೆ.

ಹುಲ್ಲಿನ ಲೆಕ್ಕಕ್ಕೆ ತೂಕ ಬೇಕು. ಟೈಲರ್ ಟೇಪ್ ಸಾಕು: ಮುಂಗಾಲ ಹಿಂದೆ ಎದೆ ಸುತ್ತಳತೆ ಸೆಂಟಿಮೀಟರಲ್ಲಿ, ಅದನ್ನ ಅದರಿಂದಲೇ ಗುಣಿಸಿ, ಅದಕ್ಕೆ ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ ಗುಣಿಸಿ, 11880ರಿಂದ ಭಾಗಿಸಿ. ರಾಣಿದು 145 ಸುತ್ತಳತೆ, 140 ಉದ್ದ, ಬಂದಿದ್ದು ಹತ್ರ ಹತ್ರ 248 ಕೆಜಿ. ದಿನಕ್ಕೆ ತೂಕದ 1.5ರಿಂದ 2 ಪರ್ಸೆಂಟ್ ಒಣ ಮೇವು ಅಂದ್ರೆ ನಾಲ್ಕರಿಂದ ಐದು ಕೆಜಿ. ಹಸಿ ಹುಲ್ಲು ಆದ್ರೆ ನೀರೇ ಜಾಸ್ತಿ, ಮೂರು ನಾಲ್ಕು ಪಟ್ಟು ಬೇಕು. ಕುದುರೆ ಹೊಟ್ಟೆ ಚಿಕ್ಕದು, ದನದ ಹಂಗೆ ಗಬಗಬ ತಿಂದು ಮಲಗಿ ಮೆಲುಕು ಹಾಕೋ ವ್ಯವಸ್ಥೆ ಇಲ್ಲ, ಸ್ವಲ್ಪ ಸ್ವಲ್ಪ ಇಡೀ ದಿನ ತಿನ್ನಬೇಕು.

ನಮ್ಮಲ್ಲಿ ಹೈನಿಗೆ ಎಲ್ಲರೂ ನೇಪಿಯರ್ ಹುಲ್ಲು ಬೆಳೀತಾರೆ, ನಾವೂ ಅಷ್ಟೇ. ಅದನ್ನೇ ಮೂರು ಹೊತ್ತು ಹಾಕಿದ್ರೆ ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂನ ಹಿಡಿದಿಟ್ಕೊಳ್ಳುತ್ತೆ, ಜೊತೆಗೆ ಬೂಸನೂ ಸುರಿದ್ರೆ ರಂಜಕ ಜಾಸ್ತಿ ಆಗಿ ಇನ್ನೂ ಕೆಡುತ್ತೆ, ತಿಂಗಳುಗಟ್ಟಲೆ ಹಿಂಗೇ ಹೋದ್ರೆ ಮುಖದ ಮೂಳೆ ಊದ್ಕೊಳ್ಳೋ ಕಾಯಿಲೆ. ಅದಕ್ಕೆ ನೇಪಿಯರ್ ಬಾಯಿ ರುಚಿಗೆ, ಮುಖ್ಯ ಊಟ ಬ್ಯಾಣದ ಕರಡ, ಅಂದ್ರೆ ಹುಲ್ಲುಗಾವಲಿನ ಒಣ ಹುಲ್ಲು. ತೋಟದ ಹುಲ್ಲು ಕೊಯ್ಯೋದಿದ್ರೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಒಂದಷ್ಟು ದಿನ ಆ ಕಡೆ ಹೋಗಲ್ಲ. ಹುರುಳಿ ರಾತ್ರಿ ನೆನೆಸಿ ಬೇಯಿಸಿ ಅರ್ಧ ಕೆಜಿ, ಅದೂ ಕೆಲಸ ಮಾಡಿಸಿದ ದಿನ. ಒಂದು ಉಂಡೆ ಕಲ್ಲುಪ್ಪು ಗೋದಲಿ ಪಕ್ಕ ಹಗ್ಗದಲ್ಲಿ. ನೀರು ದೊಡ್ಡ ಕುದುರೆ ದಿನಕ್ಕೆ 25ರಿಂದ 45 ಲೀಟರ್ ಕುಡಿಯುತ್ತೆ, ನಮ್ಮದು ಇಪ್ಪತ್ತರ ಹತ್ರ, ಎರಡು ಬಕೆಟ್ ಇಟ್ಟಿದೀವಿ, ಒಂದನ್ನ ಕಾಲಿಂದ ತಳ್ಳೋದು ಅದರ ಹವ್ಯಾಸ.

ಹುರುಳಿ ಮತ್ತೆ ಬೂಸ ಇಡೋಕೆ ತಗಡಿನ ಡ್ರಮ್, ಮುಚ್ಚಳಕ್ಕೆ ಕ್ಲಾಂಪ್. ಇಲಿಗಿಂತ ಹೆಚ್ಚು ರಾಣಿ ಭಯಕ್ಕೆ. ಕುದುರೆ ಕಾಳಿನ ಡಬ್ಬಿ ಒಡೆದು ಹೊಟ್ಟೆ ತುಂಬಾ ತಿಂದ್ರೆ ಹೊಟ್ಟೆನೋವು ಒಂದು ಕಡೆ, ಗೊರಸಿನ ಒಳಗೆ ಉರಿಯೂತ ಆಗಿ ಜೀವಮಾನವಿಡೀ ಕುಂಟೋದು ಇನ್ನೊಂದು ಕಡೆ.

ಮೇ, ಸಾಮಾನಿನ ಪೆಟ್ಟಿಗೆ

ಅಡಿಕೆ ದಬ್ಬೆಯಲ್ಲಿ ಒಂದು ಕಪಾಟು ಹೊಡೆದೆ. ಅದರಲ್ಲಿರೋದು ಮೈ ಉಜ್ಜೋ ರಬ್ಬರ್ ಖರಾರ, ಗಟ್ಟಿ ಕೂದಲಿನ ಬ್ರಶ್ ಒಂದು, ಮೆತ್ತಗಿಂದು ಒಂದು, ಮೈ ನೀರು ಬಳಿಯೋಕೆ ಹಳೇ ವೈಪರ್ ರಬ್ಬರು, ಹತ್ತಿ ರೋಲ್, ಬ್ಯಾಂಡೇಜ್, ಸಲೈನ್, ಪೊವಿಡೋನ್ ಅಯೋಡಿನ್, ದಾರ ಕಟ್ಟಿದ ಡಿಜಿಟಲ್ ಥರ್ಮಾಮೀಟರ್. ದಾರ ಯಾಕೆ ಅಂದ್ರೆ ಅದು ಇಡೋ ಜಾಗ ಅಂಥದ್ದು, ಒಳಗೆ ಹೋದ್ರೆ ಯಾರು ತೆಗೆಯೋರು. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದೀನಿ: ಜ್ವರ ಇಲ್ಲದಾಗ 37.5ರಿಂದ 38.5 ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಫೋನಲ್ಲಿ ಡಾಕ್ಟ್ರಿಗೆ "ಯಾಕೋ ಮಂಕಾಗಿದೆ" ಅಂದ್ರೆ ಅವರಿಗೆ ಎಂತ ಅರ್ಥ ಆಗುತ್ತೆ, ಮೂರು ನಂಬರ್ ಹೇಳಿದ್ರೆ ಬರಬೇಕಾ ಬೇಡ್ವಾ ಅಂತ ಅವರೇ ಹೇಳ್ತಾರೆ.

ಗೊರಸು ಕೆರೆಯೋ ಕೊಕ್ಕೆ ಮಾತ್ರ ನಾನೇ ಮಾಡಿದ್ದು. ಹಳೇ ಸ್ಕ್ರೂಡ್ರೈವರ್, ತುದಿ ಒಂದೂವರೆ ಇಂಚು ಕೆಂಪಗೆ ಕಾಯಿಸಿ ವೈಸಲ್ಲಿ ಬಗ್ಗಿಸಿದೆ, ಆಮೇಲೆ ತುದಿನ ಅರ ಹಾಕಿ ದುಂಡಗೆ ಮಾಡಿದೆ. ಮೊದಲ ಸಲ ಚೂಪಾಗಿ ಬಿಟ್ಟಿದ್ದೆ, ಶಿವಮೊಗ್ಗದಿಂದ ಲಾಳ ಹೊಡೆಯೋಕೆ ಬಂದ ಅಜ್ಜ ನೋಡಿ ತಲೆ ಚಚ್ಕೊಂಡ್ರು. ಅವರ ಅಪ್ಪ ಜಟಕಾ ಗಾಡಿ ಹೊಡೀತಿದ್ರಂತೆ. "ಏನ್ ಅಣ್ಣಾ ಇದು, ಕುದುರೆ ಕಾಲು ಕೆರೆಯೋಕೋ, ಹಂದಿ ಹೊಡೆಯೋಕೋ?" ಅಂದ್ರು. ಗೊರಸಿನ ಅಡಿಯಲ್ಲಿ ವಿ ಆಕಾರಕ್ಕೆ ರಬ್ಬರಿನಂಥ ಒಂದು ಭಾಗ ಇದೆ, ಜೀವ ಇರೋ ಜಾಗ, ಅದಕ್ಕೆ ಚುಚ್ಚಿದ್ರೆ ಮುಗೀತು. ಹಿಮ್ಮಡಿಯಿಂದ ತುದಿ ಕಡೆಗೆ ಎಳೀಬೇಕು, ಉಲ್ಟಾ ಅಲ್ಲ. ಎತ್ತಿಗೆ ಲಾಳ ಹೊಡೆಯೋರು ಅದನ್ನ ಕೆಡವಿ ಕಾಲು ಕಟ್ಟಿ, ಒಂದೊಂದು ಗೊರಸಿಗೆ ಎರಡೆರಡು ತುಂಡು ಹೊಡೀತಾರೆ. ಅಜ್ಜ ರಾಣಿ ಪಕ್ಕ ಬೆನ್ನು ತಿರುಗಿಸಿ ನಿಂತು, ಭುಜದಿಂದ ಕೆಳಗೆ ಕೈ ಸವರ್ತಾ ಬಂದು ಮೊಣಕಾಲ ಕೆಳಗೆ ಚೂರು ಹಿಂಡಿದ್ರು, ಅದೇ ಕಾಲು ಎತ್ತಿ ಅವರ ತೊಡೆ ಮಧ್ಯೆ ಇಟ್ಟುಬಿಡ್ತು. ಮಳೆಗಾಲದಲ್ಲಿ ಲಾಳ ಬೇಡ, ಕೆಲಸ ಇಲ್ವಲ್ಲ, ಬರಿಗಾಲೇ ಇರ್ಲಿ ಅಂತ ಬಿಚ್ಚಿ, ಗೊರಸು ಕೆತ್ತಿ ಸಮ ಮಾಡಿ ಹೋದ್ರು. ಆರರಿಂದ ಎಂಟು ವಾರಕ್ಕೊಂದು ಸಲ ಬರಬೇಕು.

ಜುಲೈ

ಇಲ್ಲಿವರೆಗೆ ಮಾಡಿದ್ದಕ್ಕೆಲ್ಲ ಪರೀಕ್ಷೆ. ಐದು ದಿನ ಬಿಡದೆ ಹೊಯ್ತು, ಆರನೇ ದಿನ ಬೆಳಿಗ್ಗೆ ಲಾಯದ ಮೂಲೇಲಿ ಮ್ಯಾಟು ತೇಲ್ತಿದೆ. ಹೆಂಚು ಸೋರಿದ್ದಲ್ಲ, ನೆಲದಿಂದ ಜಲ ಎದ್ದಿದ್ದು. ಹಿಂದಿನ ಧರೆಯಿಂದ (ಕಡಿದಾದ ಮಣ್ಣಿನ ದಿಬ್ಬ) ಒರತೆ ಬರುತ್ತೆ ಅಂತ ಗೊತ್ತಿದ್ದೂ ಅರ್ಧ ಅಡಿ ನೆಲ ಅಗೆದಿದ್ದೆ, ಹಾಸುಗಲ್ಲು ಮೇಲಿದ್ದಾಗ ಕಾಣ್ತಿರಲಿಲ್ಲ. ಮಳೇಲೇ ಕಂಬಳಿ ಕೊಪ್ಪೆ ಹಾಕ್ಕೊಂಡು ಧರೆಗೂ ಗೋಡೆಗೂ ಮಧ್ಯೆ ಎರಡು ಅಡಿ ಆಳ ಕಾಲುವೆ ತೋಡಿ, ಪೈಪಿಗೆ ಡ್ರಿಲ್ಲಲ್ಲಿ ತೂತು ಹೊಡೆದು ಹಾಕಿ ಜಲ್ಲಿ ಮುಚ್ಚಿದ್ವಿ. ಕಾಲಿಗೆ ಎಷ್ಟು ಇಂಬಳ (ಜಿಗಣೆ) ಹತ್ತಿದ್ವು ಕೇಳಬೇಡಿ. ಮಾರನೇ ದಿನ ನೀರು ಏಳೋದು ನಿಂತಿತು.

ಆದ್ರೆ ಅಷ್ಟರಲ್ಲಿ ಗೊರಸಿಗೆ ಹಿಡಿದಿತ್ತು. ಹಿಂದಿನ ಎಡಗಾಲು ಎತ್ತಿ ಕೊಕ್ಕೆ ಎಳೆದ್ರೆ ಆ ವಿ ಪಕ್ಕದ ಸೀಳಿಂದ ಕಪ್ಪು ಮೇಣದಂಥದ್ದು ಬಂತು, ವಾಸನೆ ಮೂಗಿಗೆ ಹೊಡೀತು, ಕೊಳೆತ ಅಡಿಕೆ ರಾಶಿದೇ ವಾಸನೆ. ಅಪ್ಪಯ್ಯ ಬಗ್ಗಿ ನೋಡಿ "ಕೊಳೆ ರೋಗ ತೋಟಕ್ಕಷ್ಟೇ ಅಂದ್ಕೊಂಡಿದ್ದೆ" ಅಂದು ಮೈಲುತುತ್ತದ ಡಬ್ಬಿ ತರೋಕೆ ಹೊರಟ್ರು. ತಮಾಷೆ ಅಂದ್ರೆ ಮೈಲುತುತ್ತ ಇದಕ್ಕೆ ಬಳಸೋದು ಇದೆ, ಆದ್ರೆ ಜೀವ ಇರೋ ಜಾಗ ಸುಡುತ್ತೆ, ನಮ್ಮ ಕೈಲಿ ಬೇಡ ಅಂತ ಡಾಕ್ಟ್ರು ಅಯೋಡಿನ್ ಹೇಳಿದ್ರು. ದಿನಾ ಎರಡು ಸಲ ಕೆರೆದು, ತೊಳೆದು, ಬಟ್ಟೇಲಿ ಒರೆಸಿ ಒಣಗಿಸಿ, ಹತ್ತಿ ಅದ್ದಿ ಸೀಳಲ್ಲಿ ತುಂಬಿದ್ವಿ. ಹನ್ನೆರಡು ದಿನಕ್ಕೆ ವಾಸನೆ ಹೋಯ್ತು.

ಸಂಜೆ ಕೊಟ್ಟಿಗೆಗೆ ಸೊಳ್ಳೆಗೆ ಅಂತ ಹೊಗೆ ಹಾಕೋ ಅಭ್ಯಾಸನೂ ಬಿಡಬೇಕಾಯ್ತು, ರಾಣಿ ಕೆಮ್ಮೋಕೆ ಶುರು ಮಾಡ್ತು. ಈಗ ಕಿಟಕಿಗೆ ಸೊಳ್ಳೆ ಜಾಲರಿ, ಕರೆಂಟ್ ಇದ್ದಾಗ ಒಂದು ಫ್ಯಾನು. ಕಚ್ಚೋ ದೊಡ್ಡ ನೊಣ ತಡೆಯೋದು ಬರೀ ಕಿರಿಕಿರಿಗೆ ಅಲ್ಲ, ಸರ್ರಾ ಅನ್ನೋ ರಕ್ತದ ಪರಾವಲಂಬಿ ರೋಗನ ಒಂದರಿಂದ ಇನ್ನೊಂದಕ್ಕೆ ಹರಡೋದು ಅವೇ.

ಆಗಸ್ಟ್, ಬೀರು

ಜೀನು, ಲಗಾಮು ಎಲ್ಲ ಚರ್ಮದ್ದು, ಜುಲೈ ಕೊನೆಗೆ ಹಸಿರು ಬೂಷ್ಟು ಹಿಡಿದು ಹಲಸಿನ ಹಣ್ಣಿನ ಸಿಪ್ಪೆ ಹಂಗೆ ಆಗಿತ್ತು. ತೆಂಗಿನೆಣ್ಣೆ ಬಳಿದೆ, ಇನ್ನೂ ಜಾಸ್ತಿ ಆಯ್ತು. ಕೊನೆಗೆ ಚಿಕ್ಕಪ್ಪನ ಮನೇಲಿ ಬಾಗಿಲು ಸೊಟ್ಟಗಾದ ಕಬ್ಬಿಣದ ಬೀರು ಇತ್ತು, ತಂದು ಅಡಿಗೆ ನಾಲ್ಕು, ಮೇಲೆ ನಾಲ್ಕು ತೂತು ಹೊಡೆದು, ತಳದಲ್ಲಿ 60 ವ್ಯಾಟಿನ ಬಲ್ಬು, ಸುತ್ತ ಕೋಳಿ ಗೂಡಿನ ಜಾಲರಿ ಪಂಜರ, ಬಲ್ಬಿಗೂ ಚರ್ಮಕ್ಕೂ ಒಂದೂವರೆ ಅಡಿ ಅಂತರ, ವೈರ್ ತೂರೋ ತೂತಿಗೆ ರಬ್ಬರ್ ಬುಶ್, ಬೀರುಗೆ ಅರ್ಥಿಂಗ್ ಮರೀಬೇಡಿ, ಕಬ್ಬಿಣ ಅದು. ಬಿಸಿ ಗಾಳಿ ಮೇಲಕ್ಕೆ ಹೋಗ್ತಾ ಇರುತ್ತೆ, ತೇವ ಎಳ್ಕೊಂಡು ಹೋಗುತ್ತೆ. ಆನ್‌ಲೈನಲ್ಲಿ ತರಿಸಿದ ಸಣ್ಣ ಮೀಟರಲ್ಲಿ ಹೊರಗೆ 94 ಪರ್ಸೆಂಟ್ ತೇವ ಇದ್ದ ದಿನ ಬೀರು ಒಳಗೆ 61 ತೋರಿಸ್ತು. ಜೀನು ಉಳೀತು. ಅಮ್ಮ ಈಗ ಹಪ್ಪಳದ ಡಬ್ಬಿನೂ ಅದರಲ್ಲೇ ಇಡ್ತಾರೆ.

ಮೊನ್ನೆ ಬಲ್ಬು ಹೋಯ್ತು. ತೀರ್ಥಹಳ್ಳಿ ಪೇಟೇಲಿ ಮೂರು ಅಂಗಡಿ ತಿರುಗಿದೆ, ಎಲ್ಲರೂ ಎಲ್‌ಇಡಿ ಕೊಡ್ತಾರೆ, ಕರೆಂಟ್ ಉಳಿಯುತ್ತೆ ಅಣ್ಣಾ, ಬಿಸಿನೇ ಆಗಲ್ಲ ಅಂತಾರೆ. ನನಗೆ ಬೇಕಿರೋದೇ ಬಿಸಿ ಮಾರಾಯಾ ಅಂದ್ರೆ ಮುಖ ಮುಖ ನೋಡ್ತಾರೆ. ನಾಲ್ಕನೇ ಅಂಗಡಿ ಅಜ್ಜ ಅಟ್ಟದಿಂದ ಧೂಳು ಹಿಡಿದ ಡಬ್ಬ ಇಳಿಸಿ ಐದು ಹಳೇ ಬಲ್ಬು ಕೊಟ್ರು, "ಕೋಳಿ ಮರಿಗಾ?" ಅಂತ ಕೇಳಿದ್ರು. ಹೌದು ಅಂದೆ.